ತೆಗೆದದ್ದು ಎಲ್ಲಿಗೆ ಹೋಯಿತು? – ಮಿತವಿನ್ಯಾಸದ ಚರಿತ್ರೆ

ಒಂದು ಎ4 ಹಾಳೆಯನ್ನು ಕೈಗೆತ್ತಿಕೊಳ್ಳಿ. ಅದರ ಉದ್ದ 297 ಮಿಲಿಮೀಟರ್, ಅಗಲ 210 ಮಿಲಿಮೀಟರ್. ಉದ್ದವು ಅರ್ಧವಾಗುವಂತೆ ಅದನ್ನು ಮಡಚಿ. ದೊರೆತ ಅರ್ಧ ಹಾಳೆಯ ಆಕಾರ ಹೇಗಿದೆ? ಮೊದಲಿನ ಹಾಳೆಯ ಆಕಾರವೇ. ಗಾತ್ರ ಮಾತ್ರ ಚಿಕ್ಕದು. ಮತ್ತೊಮ್ಮೆ ಮಡಚಿ. ಆಗಲೂ ಅದೇ ಆಕಾರ! ಎಲ್ಲ ಹಾಳೆಗಳಿಗೂ ಈ ಗುಣ ಇರುವುದಿಲ್ಲ. ಚೌಕಾಕಾರದ ಹಾಳೆಯನ್ನು ಮಡಚಿದರೆ ಉದ್ದನೆಯ ಆಯತ ಸಿಗುತ್ತದೆ, ಚೌಕ ಸಿಗುವುದಿಲ್ಲ.

ಇದರ ಗಣಿತ ಪ್ರೌಢಶಾಲೆಯ ವಿದ್ಯಾರ್ಥಿಗೂ ಎಟಕುವಂಥದು. ಉದ್ದವನ್ನು 'ಉ' ಎಂದೂ ಅಗಲವನ್ನು 'ಅ' ಎಂದೂ ಕರೆಯೋಣ. ಮಡಚಿದ ಮೇಲೆ ಹೊಸ ಉದ್ದ ಅ, ಹೊಸ ಅಗಲ ಉ/2. ಎರಡೂ ಹಾಳೆಗಳ ಅನುಪಾತ ಒಂದೇ ಆಗಿರಬೇಕಾದರೆ ಉ/ಅ = ಅ/(ಉ/2) ಆಗಬೇಕು. ಅಂದರೆ ಉ² = 2ಅ². ಆದ್ದರಿಂದ ಉ/ಅ = √2, ಸುಮಾರು 1.414. ನಿಮ್ಮ ಹಾಳೆಯ 297ನ್ನು 210ರಿಂದ ಭಾಗಿಸಿ ನೋಡಿ.

ಈ ಅನುಪಾತದ ವಿಶೇಷವನ್ನು ಜರ್ಮನಿಯ ಭೌತವಿಜ್ಞಾನಿ ಲಿಖ್ಟೆನ್‌ಬರ್ಗ್ 1786ರಲ್ಲೇ ಒಂದು ಪತ್ರದಲ್ಲಿ ಬರೆದಿದ್ದರು. ಆದರೆ ಅದು ಬಳಕೆಗೆ ಬಂದದ್ದು 1922ರಲ್ಲಿ, ವಾಲ್ಟರ್ ಪೋರ್ಸ್ಟ್‌ಮನ್ ರೂಪಿಸಿದ ಜರ್ಮನ್ ಮಾನಕ ಡಿಐಎನ್ 476ರ ಮೂಲಕ. ಅದರಲ್ಲಿ ಎರಡೇ ನಿಯಮಗಳು. ಅನುಪಾತ √2 ಇರಬೇಕು. ಎಲ್ಲಕ್ಕಿಂತ ದೊಡ್ಡದಾದ ಎ0 ಹಾಳೆಯ ವಿಸ್ತೀರ್ಣ ಒಂದು ಚದರ ಮೀಟರ್ ಆಗಿರಬೇಕು. ಎ0 ಹಾಳೆಯನ್ನು ನಾಲ್ಕು ಸಲ ಮಡಚಿದರೆ ಎ4. ಹಾಗಾಗಿ ಎ4ರ ವಿಸ್ತೀರ್ಣ ಚದರ ಮೀಟರಿನ ಹದಿನಾರನೇ ಒಂದು ಭಾಗ. ಕಾಗದದ ಕಟ್ಟಿನ ಮೇಲೆ 80 ಜಿಎಸ್ಎಂ ಎಂದಿದ್ದರೆ ಒಂದು ಹಾಳೆಯ ತೂಕ 80/16, ಅಂದರೆ 5 ಗ್ರಾಂ. ತಕ್ಕಡಿಯೇ ಬೇಡ! ಎ3 ಪುಟವನ್ನು ಎ4ಕ್ಕೆ ಇಳಿಸಲು ಜೆರಾಕ್ಸ್ ಅಂಗಡಿಯವರು ಶೇಕಡಾ 71 ಎಂದು ಒತ್ತುವುದೂ ಇದೇ ಕಾರಣಕ್ಕೆ. 1/√2 ಎಂದರೆ 0.707.

ಖಾಲಿ ಹಾಳೆಯಲ್ಲಿ ಕಣ್ಣಿಗೆ ಕಾಣುವಂಥದು ಏನೂ ಇಲ್ಲ. ಆದರೂ ಅದರ ಹಿಂದೆ ಇಷ್ಟು ಯೋಚನೆ ಇದೆ. ಮನಸ್ಸಿಗೆ ಬಂದ ಅಳತೆಗಳ ಗೊಂದಲವನ್ನು ಕಿತ್ತುಹಾಕಿ, ಒಂದು ಅನುಪಾತ ಮತ್ತು ಒಂದು ವಿಸ್ತೀರ್ಣವನ್ನು ಮಾತ್ರ ಉಳಿಸಿಕೊಳ್ಳಲಾಯಿತು. ಬೇಡವಾದದ್ದನ್ನು ತೆಗೆದು ಬೇಕಾದಷ್ಟನ್ನೇ ಉಳಿಸಿಕೊಳ್ಳುವ ಈ ಬಗೆಯನ್ನು ಮಿನಿಮಲಿಸಂ ಎನ್ನುತ್ತಾರೆ. ನಾವು ಮಿತವಿನ್ಯಾಸ ಎಂದು ಕರೆಯೋಣ. ಆ ಹೆಸರು ವ್ಯಾಪಕವಾದದ್ದು 1960ರ ದಶಕದ ಅಮೆರಿಕದ ಕಲೆಯಿಂದ. ಆದರೆ ಅದರ ಹಿಂದಿನ ವಿಚಾರ ಅದಕ್ಕಿಂತ ಅರ್ಧ ಶತಮಾನ ಹಳೆಯದು.

ಈ ಚರಿತ್ರೆಯನ್ನು ಓದುವಾಗ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದಿರಿ: ತೆಗೆದದ್ದು ಎಲ್ಲಿಗೆ ಹೋಯಿತು? ಕೆಲವನ್ನು ತೆಗೆದರೆ ಯಾರಿಗೂ ನಷ್ಟವಿಲ್ಲ, ಅದು ಬರೀ ಹೊರೆಯಾಗಿತ್ತು. ಕೆಲವು ಮಾಯವಾಗುವುದಿಲ್ಲ, ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ಜಾರುತ್ತವೆ. ಇನ್ನು ಕೆಲವು ನಿಜವಾಗಿ ಬೇಕಾಗಿದ್ದವು, ತೆಗೆದ ಮೇಲಷ್ಟೇ ಅವುಗಳ ಬೆಲೆ ತಿಳಿಯುತ್ತದೆ. ಮೂರೂ ಹೊರನೋಟಕ್ಕೆ ಒಂದೇ ತೆರನಾಗಿ ಕಾಣುತ್ತವೆ. ಅವುಗಳನ್ನು ಬೇರ್ಪಡಿಸುವುದೇ ಕಷ್ಟದ ಕೆಲಸ.

ಹುಬ್ಬಿಲ್ಲದ ಮನೆ

ಕಥೆ ಆಸ್ಟ್ರಿಯದ ರಾಜಧಾನಿ ವಿಯೆನ್ನಾದಿಂದ ಆರಂಭವಾಗುತ್ತದೆ. ಅಲ್ಲಿನ ಅರಮನೆಯ ಎದುರು ವಾಸ್ತುಶಿಲ್ಪಿ ಅಡಾಲ್ಫ್ ಲೂಸ್ 1909ರಿಂದ 1911ರ ನಡುವೆ ಒಂದು ದರ್ಜಿ ಸಂಸ್ಥೆಗಾಗಿ ಕಟ್ಟಡ ಕಟ್ಟಿದರು. ಸುತ್ತಲಿನ ಕಟ್ಟಡಗಳ ಕಿಟಕಿಗಳ ಮೇಲೆಲ್ಲ ಗಾರೆಯ ಬಳ್ಳಿ, ಹೂವು, ಮುಖಗಳು. ಇಲ್ಲಿ ಬರೀ ಗೋಡೆ, ಬರೀ ಕಿಟಕಿ. ಜನ ಅದನ್ನು 'ಹುಬ್ಬಿಲ್ಲದ ಮನೆ' ಎಂದು ಆಡಿಕೊಂಡರು. ನಗರಾಡಳಿತ ಕೆಲಸವನ್ನು ತಡೆಹಿಡಿಯಿತು. ಕಿಟಕಿಗಳ ಕೆಳಗೆ ಹೂಕುಂಡದ ಪೆಟ್ಟಿಗೆಗಳನ್ನು ಇಡಲು ಒಪ್ಪಿದ ಮೇಲೆ ವಿವಾದ ತಣ್ಣಗಾಯಿತು.

ಅಲಂಕಾರವನ್ನು ಅಪರಾಧಕ್ಕೆ ಹೋಲಿಸಿ ಲೂಸ್ ಮಾಡಿದ ಉಪನ್ಯಾಸ ಇದೇ ಕಾಲದ್ದು. ಅವರ ಮುಖ್ಯ ವಾದ ಸೌಂದರ್ಯದ್ದಲ್ಲ, ಆರ್ಥಿಕವಾದದ್ದು. ಕೆತ್ತನೆಗೆ ಹೆಚ್ಚು ಸಮಯ ಹಿಡಿಯುತ್ತದೆ, ಆದರೆ ಕೆತ್ತುವವನಿಗೆ ತಕ್ಕ ಕೂಲಿ ಸಿಗುವುದಿಲ್ಲ. ಅಲಂಕಾರದ ಶೈಲಿ ಬೇಗ ಹಳತಾಗುತ್ತದೆ, ಆಗ ಗಟ್ಟಿಯಾಗಿರುವ ವಸ್ತುವನ್ನೂ ಎಸೆಯುತ್ತೇವೆ. ಹೀಗೆ ಶ್ರಮ, ವಸ್ತು, ಕಾಲ ಮೂರೂ ಪೋಲು. ಫ್ಯಾಷನ್ ಬದಲಾಯಿತೆಂದು ಕೆಲಸ ಮಾಡುತ್ತಿರುವ ಮೊಬೈಲನ್ನು ಬದಲಿಸುವ ನಮ್ಮ ಕಾಲಕ್ಕೂ ಈ ವಾದ ಒಪ್ಪುತ್ತದೆ, ಅಲ್ಲವೇ? ಆದರೆ ಅಲಂಕಾರವನ್ನು ಇಷ್ಟಪಡುವ ಜನಾಂಗಗಳು ನಾಗರಿಕತೆಯಲ್ಲಿ ಹಿಂದುಳಿದವು ಎಂದೂ ಅವರು ಹೇಳಿದರು. ಬೇಲೂರು, ಹಳೇಬೀಡುಗಳನ್ನು ಕಂಡ ನಾವು ಅದನ್ನು ಒಪ್ಪಬೇಕಾಗಿಲ್ಲ.

ಇನ್ನೊಂದು ಸ್ವಾರಸ್ಯವಿದೆ. ಲೂಸ್ ಕಟ್ಟಡದ ಕೆಳ ಅಂತಸ್ತುಗಳಿಗೆ ಹೊದಿಸಿರುವುದು ಹಸಿರು ಗೆರೆಗಳ ದುಬಾರಿ ಅಮೃತಶಿಲೆ. ಕೆತ್ತನೆ ಹೋಯಿತು, ಆದರೆ ಖರ್ಚು ಹೋಗಲಿಲ್ಲ. ಅದು ಕುಶಲಕರ್ಮಿಯ ಕೈಯಿಂದ ಕಲ್ಲಿನ ಗಣಿಗೆ ಸರಿಯಿತು. ಸರಳವಾಗಿ ಕಾಣುವುದೆಲ್ಲ ಅಗ್ಗವಲ್ಲ ಎಂಬ ಪಾಠ ಇಲ್ಲಿಂದಲೇ ಆರಂಭ.

ಅಚ್ಚುಮನೆಯಲ್ಲಿ

ಮೊದಲ ಮಹಾಯುದ್ಧದ ನಂತರ, 1919ರಲ್ಲಿ, ವಾಲ್ಟರ್ ಗ್ರೋಪಿಯಸ್ ಜರ್ಮನಿಯ ವೈಮಾರ್‌ನಲ್ಲಿ ಬೌಹೌಸ್ ಎಂಬ ವಿನ್ಯಾಸ ಶಾಲೆಯನ್ನು ಆರಂಭಿಸಿದರು. ಕಲೆ, ಕಸುಬು, ಯಂತ್ರ ಮೂರನ್ನೂ ಒಂದೇ ಸೂರಿನಡಿ ತರುವುದು ಅದರ ಹಂಬಲ. ಬೌಹೌಸ್ ಕಲಾವಿದರ ಕೃತಿಗಳ ಪ್ರದರ್ಶನ 1922ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ನಡೆದಿತ್ತು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು.

ಶಾಲೆ 1925ರಲ್ಲಿ ಡೆಸೌ ನಗರಕ್ಕೆ ಸ್ಥಳಾಂತರಗೊಂಡಿತು. ಅಲ್ಲಿ ಮುದ್ರಣ ವಿಭಾಗದ ಹರ್ಬರ್ಟ್ ಬೇಯರ್ ಒಂದು ಸರಳ ಪ್ರಶ್ನೆ ಕೇಳಿದರು: ಮಾತನಾಡುವಾಗ ಇಲ್ಲದ ದೊಡ್ಡಕ್ಷರ, ಸಣ್ಣಕ್ಷರದ ಭೇದ ಬರೆಯುವಾಗ ಏಕೆ ಬೇಕು? ಜರ್ಮನ್ ಭಾಷೆಯಲ್ಲಿ ಪ್ರತಿ ನಾಮಪದವೂ ದೊಡ್ಡಕ್ಷರದಿಂದ ಆರಂಭವಾಗುತ್ತದೆ. ಬೌಹೌಸ್ ತನ್ನ ಮುದ್ರಣದಲ್ಲಿ ದೊಡ್ಡಕ್ಷರಗಳನ್ನೇ ಕೈಬಿಟ್ಟಿತು. ಅಚ್ಚುಮೊಳೆಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧವಾಯಿತು. ಕನ್ನಡದಲ್ಲಿ ಈ ಭೇದ ಇಲ್ಲವೇ ಇಲ್ಲ. ಅವರು ಹೋರಾಡಿ ಪಡೆದದ್ದು ನಮಗೆ ಹುಟ್ಟಿನಿಂದಲೇ ಬಂದಿದೆ!

ಮುದ್ರಣದ ಈ ಹೊಸ ಚಿಂತನೆಯನ್ನು ಶಾಸ್ತ್ರವಾಗಿಸಿದವರು ಯಾನ್ ಚಿಖೋಲ್ಡ್. 1923ರಲ್ಲಿ ಬೌಹೌಸ್ ಪ್ರದರ್ಶನವನ್ನು ಕಂಡು ಬೆರಗಾದ ಅವರು 1928ರಲ್ಲಿ 'ಹೊಸ ಮುದ್ರಣಕಲೆ' ಎಂಬರ್ಥದ ಹೆಸರಿನ ಜರ್ಮನ್ ಪುಸ್ತಕವನ್ನು ಪ್ರಕಟಿಸಿದರು. ಮುದ್ರಣದ ಗುರಿ ಸ್ಪಷ್ಟತೆ. ಅಂಚುಪಟ್ಟಿ, ಹೂಬಳ್ಳಿ ಬೇಡ. ರೋಮನ್ ಅಕ್ಷರಗಳ ತುದಿಯ ಪುಟ್ಟ ಚಾಚುಗಳೂ ಬೇಡ. ಸಾಲುಗಳನ್ನು ಪುಟದ ಮಧ್ಯಕ್ಕೆ ಜೋಡಿಸುವ ಹಳೆಯ ಪದ್ಧತಿ ಬೇಡ. ಅರ್ಥಕ್ಕೆ ತಕ್ಕಂತೆ ಜಾಗ ಬಿಡಬೇಕು. ಹಾಳೆಯ ಅಳತೆ ಡಿಐಎನ್ ಮಾನಕದ್ದೇ ಆಗಿರಲಿ. ಇವು ಅವರ ಬೋಧನೆಗಳು. ಇಲ್ಲಿ ಖಾಲಿ ಜಾಗವೂ ಒಂದು ಸಾಧನವಾಯಿತು. ಅದು ಓದುಗನಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ತಿಳಿಸಬೇಕು.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದರು. ಬೌಹೌಸ್ ಬಾಗಿಲು ಮುಚ್ಚಿತು. ಚಿಖೋಲ್ಡ್ ಬಂಧನಕ್ಕೊಳಗಾಗಿ, ಬಿಡುಗಡೆಯಾದ ಮೇಲೆ ಸ್ವಿಟ್ಜರ್ಲೆಂಡ್ ಸೇರಿದರು. ಮುಂದಿನ ತಿರುವು ಯಾರೂ ನಿರೀಕ್ಷಿಸದ್ದು. ಕ್ರಮೇಣ ಅವರು ತಮ್ಮ ಕಟ್ಟುನಿಟ್ಟಿನ ನಿಯಮಗಳಿಂದಲೇ ದೂರ ಸರಿದರು. ಇದೊಂದೇ ದಾರಿ, ಬೇರೆಲ್ಲವೂ ತಪ್ಪು ಎನ್ನುವ ಹಟದಲ್ಲಿ ತಾವು ಓಡಿಬಂದ ಆಡಳಿತದ ಅಸಹನೆಯ ಛಾಯೆಯೇ ಇದೆ ಎಂದು ಅವರಿಗೆ ತೋರಿತು. 1947ರಿಂದ 1949ರವರೆಗೆ ಲಂಡನ್ನಿನ ಪೆಂಗ್ವಿನ್ ಪ್ರಕಾಶನದಲ್ಲಿದ್ದಾಗ ಮಧ್ಯಕ್ಕೆ ಜೋಡಿಸಿದ ಸಾಲುಗಳನ್ನೂ ತುದಿಚಾಚಿನ ಅಕ್ಷರಗಳನ್ನೂ ಧಾರಾಳವಾಗಿ ಬಳಸಿದರು. ಅಕ್ಷರಜೋಡಣೆಗಾರರಿಗೆ ಅವರು ಬರೆದುಕೊಟ್ಟ ನಿಯಮಗಳು ನಾಲ್ಕೇ ಪುಟ. ಪದಗಳ ನಡುವೆ ಎಷ್ಟು ಜಾಗ, ಟಿಪ್ಪಣಿಯ ಅಕ್ಷರ ಎಷ್ಟು ಚಿಕ್ಕದು ಎಂಬಂಥ ವಿಷಯಗಳು. ಶೈಲಿ ಬದಲಾಯಿತು, ಓದುಗನ ಮೇಲಿನ ಕಾಳಜಿ ಬದಲಾಗಲಿಲ್ಲ. ಮಿತವಿನ್ಯಾಸ ಎಂದರೆ ಒಂದು ವೇಷವಲ್ಲ ಎಂಬುದಕ್ಕೆ ಅವರ ಬದುಕೇ ಸಾಕ್ಷಿ.

ಊರಿಲ್ಲದ ನಕ್ಷೆ

ಅದೇ 1933ರ ಜನವರಿಯಲ್ಲಿ ಲಂಡನ್ನಿನ ಸುರಂಗ ರೈಲಿನ ಪ್ರಯಾಣಿಕರ ಕೈಗೆ ಒಂದು ವಿಚಿತ್ರ ನಕ್ಷೆ ಬಂತು. ಅದನ್ನು 1931ರಲ್ಲಿ ಬರೆದವರು ಹ್ಯಾರಿ ಬೆಕ್. ರೈಲ್ವೆ ಸಿಗ್ನಲ್ ವಿಭಾಗದಲ್ಲಿ ನಕ್ಷೆಗಾರರಾಗಿ ದುಡಿದವರು. ಹಳೆಯ ನಕ್ಷೆಗಳಲ್ಲಿ ಹಳಿಗಳು ನೆಲದ ಮೇಲಿನ ನಿಜವಾದ ಅಂಕುಡೊಂಕುಗಳಲ್ಲೇ ಇರುತ್ತಿದ್ದವು. ನಗರದ ನಡುವೆ ನಿಲ್ದಾಣಗಳು ಒತ್ತೊತ್ತಾಗಿ, ಹೊರವಲಯದಲ್ಲಿ ದೂರದೂರವಾಗಿ ಕಾಣುತ್ತಿದ್ದವು. ಬೆಕ್ ಎಲ್ಲವನ್ನೂ ಅಡ್ಡ, ಉದ್ದ ಮತ್ತು 45 ಡಿಗ್ರಿ ಓರೆಯ ಗೆರೆಗಳಾಗಿ ಎಳೆದರು. ಬೀದಿಗಳಿಲ್ಲ, ಅಳತೆಯ ಪ್ರಮಾಣವಿಲ್ಲ. ಗುರುತಿಗೆ ಥೇಮ್ಸ್ ನದಿ ಮಾತ್ರ. ವಿದ್ಯುತ್ ಮಂಡಲದ ಚಿತ್ರದ ಹಾಗೆ!

ಮೊದಲು ಅಧಿಕಾರಿಗಳು ಇದನ್ನು ತಿರಸ್ಕರಿಸಿದ್ದರು. ಜನರಿಗೆ ಮಾತ್ರ ಕೂಡಲೇ ಹಿಡಿಸಿತು. ಕಾರಣ ಸ್ಪಷ್ಟ. ನೆಲದಡಿಯಲ್ಲಿ ಕುಳಿತವನಿಗೆ ಬೇಕಾದದ್ದು ದೂರವಲ್ಲ, ಕ್ರಮ. ಎಷ್ಟನೇ ನಿಲ್ದಾಣ, ಎಲ್ಲಿ ಗಾಡಿ ಬದಲಿಸಬೇಕು, ಇಷ್ಟೇ. ಗಣಿತದಲ್ಲಿ ಆಕಾರವನ್ನು ಬಿಟ್ಟು ಸಂಬಂಧಗಳನ್ನು ಮಾತ್ರ ನೋಡುವ ಸ್ಥಾನಶಾಸ್ತ್ರ ಎಂಬ ಶಾಖೆಯಿದೆ. ಬೆಕ್ ಮಾಡಿದ್ದು ಅದೇ ಬಗೆಯ ಕೆಲಸ. ಜಗತ್ತಿನ ಅನೇಕ ಮೆಟ್ರೋಗಳು ಈಗ ಇದೇ ಬಗೆಯ ನಕ್ಷೆಯನ್ನು ಬಳಸುತ್ತವೆ.

ಇಲ್ಲೂ ಒಂದು ಬೆಲೆಯಿದೆ. ಲೆಸ್ಟರ್ ಸ್ಕ್ವೇರ್ ಮತ್ತು ಕಾವೆಂಟ್ ಗಾರ್ಡನ್ ನಿಲ್ದಾಣಗಳ ನಡುವಿನ ದೂರ ಸುಮಾರು 260 ಮೀಟರ್. ನಡೆದರೆ ಕೆಲವೇ ನಿಮಿಷ. ಆದರೆ ನಕ್ಷೆಯನ್ನಷ್ಟೇ ನಂಬಿದ ಹೊಸಬರು ಮೆಟ್ಟಿಲಿಳಿದು, ಗಾಡಿ ಹತ್ತಿ, ಇಳಿದು, ಮೇಲೇರಿ ಬರುತ್ತಾರೆ. ನೆಲದಡಿಯ ಪ್ರಯಾಣಿಕನಿಗೆ ಹೊರೆಯಾಗಿದ್ದ ಮಾಹಿತಿಯೇ ನೆಲದ ಮೇಲೆ ನಡೆಯುವವನಿಗೆ ಬೇಕಾಗಿತ್ತು. ಯಾವುದು ಹೆಚ್ಚುವರಿ ಎಂಬುದು ಬಳಸುವವರನ್ನು ಅವಲಂಬಿಸಿದೆ.

ಗಾಜಿನ ಮನೆಯಲ್ಲಿ ವೈದ್ಯೆ

ಬಳಸುವವರನ್ನು ಮರೆತರೆ ಏನಾಗುತ್ತದೆ? ಇದನ್ನು ಅರಿಯಲು ಬೌಹೌಸ್‌ನ ಕೊನೆಯ ನಿರ್ದೇಶಕ ಲುಡ್ವಿಗ್ ಮೀಸ್ ವಾನ್ ಡೆರ್ ರೋ ಅವರ ಒಂದು ಮನೆಯತ್ತ ನೋಡಬೇಕು. 'ಕಡಿಮೆಯೇ ಹೆಚ್ಚು' ಎಂಬ ಘೋಷವಾಕ್ಯ ಅವರ ಹೆಸರಿನೊಂದಿಗೇ ಬೆಸೆದುಕೊಂಡಿದೆ. ಜರ್ಮನಿ ಬಿಟ್ಟು ಅಮೆರಿಕದಲ್ಲಿ ನೆಲೆಸಿದ್ದ ಅವರಿಗೆ ಷಿಕಾಗೋದ ವೈದ್ಯೆ ಎಡಿತ್ ಫಾರ್ನ್ಸ್‌ವರ್ತ್ 1945ರಲ್ಲಿ ಒಂದು ವಾರಾಂತ್ಯದ ಮನೆಯನ್ನು ಕಟ್ಟಿಕೊಡುವಂತೆ ಕೇಳಿದರು. ಇಲಿನಾಯ್ ರಾಜ್ಯದ ಫಾಕ್ಸ್ ನದಿಯ ದಂಡೆಯಲ್ಲಿ 1951ರಲ್ಲಿ ಅದು ಸಿದ್ಧವಾಯಿತು.

ಎಂಟು ಉಕ್ಕಿನ ಕಂಬಗಳು. ನೆಲದಿಂದ ಸುಮಾರು 1.6 ಮೀಟರ್ ಮೇಲೆ ತೇಲುವಂತಿರುವ ನೆಲಹಾಸು, ಮೇಲೊಂದು ಚಪ್ಪಟೆ ಚಾವಣಿ. ಸುತ್ತಲೂ ಗೋಡೆಯ ಬದಲು ಗಾಜು. ಒಳಗೆ ಒಂದೇ ಕೋಣೆ. ಸ್ನಾನದ ಮನೆ, ಅಡುಗೆಯ ಸಾಲು ಮರದ ಒಂದು ಮರೆಯ ಸುತ್ತ. ಉಕ್ಕಿನ ಬೆಸುಗೆಯ ಗುರುತುಗಳೂ ಕಾಣದಂತೆ ಉಜ್ಜಿ ಬಿಳಿಯ ಬಣ್ಣ ಹಚ್ಚಲಾಯಿತು. ಚಿತ್ರದಲ್ಲಿ ನೋಡಿದರೆ ಮನೆಯಿದೆಯೋ ಇಲ್ಲವೋ ಎನ್ನುವಷ್ಟು ಹಗುರ.

ಈಗ ಭೌತವಿಜ್ಞಾನದ ಕಣ್ಣಿನಿಂದ ನೋಡಿ. ಸೂರ್ಯನ ಬೆಳಕು ಗಾಜನ್ನು ದಾಟಿ ಒಳಬರುತ್ತದೆ, ನೆಲವನ್ನು ಬಿಸಿ ಮಾಡುತ್ತದೆ. ಬಿಸಿಯಾದ ನೆಲ ಹೊರಸೂಸುವ ದೀರ್ಘ ತರಂಗದ ಅವಕೆಂಪು ಕಿರಣಗಳಿಗೆ ಗಾಜು ಪಾರದರ್ಶಕವಲ್ಲ. ಒಳಗಿನ ಬಿಸಿಗಾಳಿಗೂ ಹೊರಹೋಗಲು ದಾರಿ ಕಡಿಮೆ. ಅಂದರೆ ಬೇಸಿಗೆಯಲ್ಲಿ ಇದು ಗಿಡ ಬೆಳೆಸುವ ಗಾಜಿನ ಮನೆಯೇ. ಚಳಿಗಾಲದಲ್ಲಿ ಇದಕ್ಕೆ ವಿರುದ್ಧ. ಒಂದೇ ಪದರದ ಗಾಜು ಮತ್ತು ಉಕ್ಕಿನ ಚೌಕಟ್ಟಿನ ಮೂಲಕ ಶಾಖ ಸೋರಿಹೋಗುತ್ತದೆ. ತಣ್ಣನೆಯ ಗಾಜಿಗೆ ತಾಗಿದ ಒಳಗಿನ ತೇವಾಂಶ ನೀರಾಗಿ ಇಳಿಯುತ್ತದೆ. ದಪ್ಪ ಗೋಡೆ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸವನ್ನು ಈಗ ಬಿಸಿನೀರಿನ ಕೊಳವೆ, ಇಂಧನ, ಪರದೆಗಳು ಮಾಡಬೇಕು. ಗೋಡೆ ಹೋಯಿತು, ಅದರ ಕೆಲಸ ಮನೆಯೊಡತಿಯ ಹೆಗಲಿಗೆ ಬಂತು.

ಶಾಖವೊಂದೇ ಅಲ್ಲ. ತೊಟ್ಟಿಯ ಕೆಳಗೆ ಕಸದ ಡಬ್ಬಿ ಇಡುವಾಗಲೂ ಅದು ಹೊರಗಿನಿಂದ ಹೇಗೆ ಕಾಣುತ್ತದೆ ಎಂದು ಯೋಚಿಸಬೇಕಾಗಿದೆ ಎಂದು ಎಡಿತ್ ಹೇಳಿಕೊಂಡರು. ಹಣದ ವಿಷಯದಲ್ಲಿ ಇಬ್ಬರ ನಡುವೆ ಮೊಕದ್ದಮೆ ನಡೆಯಿತು. 1953ರಲ್ಲಿ ತೀರ್ಪು ಮೀಸ್ ಪರವಾಗಿ ಬಂತು. ನದಿಯ ತೀರ್ಪು ಬೇರೆಯಾಗಿತ್ತು. 1954, 1996 ಮತ್ತು 2008ರ ಪ್ರವಾಹಗಳಲ್ಲಿ ನೀರು ಮನೆಯೊಳಗೆ ನುಗ್ಗಿತು. ಹಾಗಿದ್ದೂ ಎಡಿತ್ ಸುಮಾರು ಎರಡು ದಶಕ ಆ ಮನೆಯನ್ನು ಬಳಸಿದರು. 2003ರಲ್ಲಿ ಪರಂಪರಾ ಸಂರಕ್ಷಣಾ ಸಂಸ್ಥೆಗಳು ಅದನ್ನು 75 ಲಕ್ಷ ಡಾಲರಿಗೆ ಹರಾಜಿನಲ್ಲಿ ಕೊಂಡವು. ಈಗ ಅದೊಂದು ವಸ್ತುಸಂಗ್ರಹಾಲಯ. 2021ರಲ್ಲಿ ಮನೆಯ ಹೆಸರಿಗೆ 'ಎಡಿತ್' ಎಂಬುದನ್ನು ಸೇರಿಸಲಾಯಿತು. ತಡವಾಗಿಯಾದರೂ ಅಲ್ಲಿ ಬದುಕಿದವರ ಹೆಸರು ಸಂಪೂರ್ಣವಾಗಿ ಬಂತು.

ಮೀಸ್ ಅವರ ಇನ್ನೊಂದು ಕೃತಿ ನ್ಯೂಯಾರ್ಕಿನ 38 ಅಂತಸ್ತಿನ ಸೀಗ್ರಾಂ ಕಟ್ಟಡ, 1958ರದ್ದು. ಕಟ್ಟಡವನ್ನು ಹೊತ್ತ ಉಕ್ಕಿನ ಚೌಕಟ್ಟು ಹೊರಗೆ ಕಾಣಬೇಕು, ಅದೇ ಪ್ರಾಮಾಣಿಕತೆ ಎಂಬುದು ಅವರ ನಿಲುವು. ಆದರೆ ಬೆಂಕಿಯ ತಾಪಕ್ಕೆ ಉಕ್ಕು ಬಲ ಕಳೆದುಕೊಳ್ಳುತ್ತದೆ. ಹೀಗಾಗಿ ಅದನ್ನು ಕಾಂಕ್ರೀಟಿನಲ್ಲಿ ಹುದುಗಿಸಬೇಕೆಂದು ಅಗ್ನಿಸುರಕ್ಷತೆಯ ನಿಯಮ ಹೇಳುತ್ತಿತ್ತು. ಮೀಸ್ ಏನು ಮಾಡಿದರು? ಯಾವ ಭಾರವನ್ನೂ ಹೊರದ ಕಂಚಿನ ತೊಲೆಗಳನ್ನು ಹೊರಮೈಗೆ ಜೋಡಿಸಿದರು, ಒಳಗಿನ ಚೌಕಟ್ಟು ಹೀಗಿದೆ ಎಂದು ತೋರಿಸಲು! ಅಲಂಕಾರ ಬೇಡವೆಂದವರೇ ಸರಳತೆಯನ್ನು ಅಲಂಕಾರವಾಗಿ ತೊಡಿಸಿದ ಹಾಗಾಯಿತು.

ಚೊಂಬಿನ ಪಾಠ

ಅದೇ 1958ರಲ್ಲಿ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರಕ್ಕೆ ಒಂದು ವರದಿ ನೀಡಿದರು. ಅಹಮದಾಬಾದಿನಲ್ಲಿ 1961ರಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಗಲು ಆ ವರದಿಯೇ ಪ್ರೇರಣೆ. ಭಾರತದಲ್ಲಿ ತಾವು ಕಂಡ ವಸ್ತುಗಳಲ್ಲಿ ಅವರು ಅತಿಯಾಗಿ ಮೆಚ್ಚಿದ್ದು 'ಲೋಟಾ'ವನ್ನು. ಇದು ನಮ್ಮ ಲೋಟವಲ್ಲ, ನಮ್ಮ ಚೊಂಬು ಅಥವಾ ತಂಬಿಗೆ.

ಚೊಂಬನ್ನು ವಿನ್ಯಾಸ ಮಾಡಬೇಕಾದರೆ ಏನೇನು ಯೋಚಿಸಬೇಕು ಎಂದು ಅವರು ಪಟ್ಟಿ ಮಾಡಿದರು. ಎಷ್ಟು ನೀರು ಹಿಡಿಯಬೇಕು? ಹಿಡಿಯುವ ಕೈ ಎಷ್ಟು ದೊಡ್ಡದು? ತುಂಬಿದಾಗ, ಖಾಲಿಯಿದ್ದಾಗ ಗುರುತ್ವಕೇಂದ್ರ ಎಲ್ಲಿರುತ್ತದೆ? ಸುರಿಯುವಾಗ ಹೇಗೆ ವಾಲುತ್ತದೆ? ತೊಳೆಯಲು ಒಳಗೆ ಕೈ ಹೋಗುತ್ತದೆಯೇ? ಬೆಲೆ ಎಷ್ಟು? ಈ ಪ್ರಶ್ನೆಗಳಿಗೆಲ್ಲ ಒಬ್ಬ ವ್ಯಕ್ತಿ ಕುಳಿತು ಉತ್ತರ ಕಂಡುಕೊಂಡಿರಲಾರ. ತಲೆತಲಾಂತರದಿಂದ ಬಳಸಿದವರ ಕೈಗಳೇ ಬೇಡವಾದದ್ದನ್ನು ಸವೆಸಿ ತೆಗೆದಿವೆ. ಫಾರ್ನ್ಸ್‌ವರ್ತ್ ಮನೆಗೂ ಚೊಂಬಿಗೂ ಇರುವ ವ್ಯತ್ಯಾಸ ಇದೇ. ಒಂದರಲ್ಲಿ ತೆಗೆಯುವ ತೀರ್ಮಾನ ಕಟ್ಟುವವರದು, ಇನ್ನೊಂದರಲ್ಲಿ ಬಳಸುವವರದು.

ಪರದೆಯ ಮೇಲೆ

ಈಗ ಗಣಕಕ್ಕೆ ಬರೋಣ. 1984ರಲ್ಲಿ ಬಂದ ಮ್ಯಾಕಿಂಟಾಷ್ ಗಣಕದ ಪರದೆಯಲ್ಲಿ ಇದ್ದದ್ದು 512 × 342 ಚುಕ್ಕೆಗಳು. ಪ್ರತಿ ಚುಕ್ಕೆಯೂ ಕಪ್ಪು ಇಲ್ಲವೇ ಬಿಳುಪು. ಕಸದ ಬುಟ್ಟಿ, ಹಾಳೆ ಮುಂತಾದ ಚಿಹ್ನೆಗಳನ್ನು ಬರೆದವರು ಸೂಸನ್ ಕೇರ್. ಒಂದು ಚಿಹ್ನೆಗೆ 32 × 32, ಅಂದರೆ 1024 ಚುಕ್ಕೆಗಳು. ಅವರು ಆರಂಭಿಸಿದ್ದು ಚೌಕಳಿ ಕಾಗದದ ಮೇಲೆ. ಇಲ್ಲಿ ಮಿತಿ ತತ್ತ್ವವಾಗಿರಲಿಲ್ಲ, ಯಂತ್ರದ ಅನಿವಾರ್ಯವಾಗಿತ್ತು.

ಇದೇ ದಶಕದಲ್ಲಿ ಗಣಕವಿಜ್ಞಾನಿ ಲ್ಯಾರಿ ಟೆಸ್ಲರ್ ನಮ್ಮ ಪ್ರಶ್ನೆಗೆ ಒಂದು ನಿಯಮದ ರೂಪ ಕೊಟ್ಟರು. ಪಠ್ಯವನ್ನು ಕತ್ತರಿಸಿ ಅಂಟಿಸುವ ಕಟ್-ಪೇಸ್ಟ್ ಸೌಲಭ್ಯವನ್ನು ರೂಪಿಸಿದವರಲ್ಲಿ ಒಬ್ಬರು ಅವರು. ಪ್ರತಿ ಕೆಲಸಕ್ಕೂ ಅದರದೇ ಆದ ಒಂದಷ್ಟು ಸಂಕೀರ್ಣತೆ ಇರುತ್ತದೆ. ಅದನ್ನು ಇಲ್ಲವಾಗಿಸಲು ಬರುವುದಿಲ್ಲ. ಯಾರು ಹೊರಬೇಕು ಎಂಬುದನ್ನಷ್ಟೇ ತೀರ್ಮಾನಿಸಬಹುದು. ಶಕ್ತಿಯ ಸಂರಕ್ಷಣಾ ನಿಯಮವನ್ನು ನೆನಪಿಸುವ ಇದನ್ನು ಸಂಕೀರ್ಣತೆಯ ಸಂರಕ್ಷಣಾ ನಿಯಮ ಎನ್ನುತ್ತಾರೆ. ಭೌತವಿಜ್ಞಾನದ ನಿಯಮದಷ್ಟು ಖಚಿತವಲ್ಲದಿದ್ದರೂ ಉಪಯುಕ್ತ. ತಂತ್ರಜ್ಞ ಒಂದು ವಾರ ಹೆಚ್ಚು ದುಡಿದು, ಹತ್ತು ಲಕ್ಷ ಬಳಕೆದಾರರಿಗೆ ತಲಾ ಒಂದು ನಿಮಿಷ ಉಳಿಸಿದ ಎನ್ನಿ. ಉಳಿದದ್ದು ಸುಮಾರು 16,667 ಗಂಟೆ, ಅಂದರೆ 694 ದಿನಗಳು!

1998ರಲ್ಲಿ ಆರಂಭವಾದ ಗೂಗಲ್‌ನ ಮುಖಪುಟ ಇದಕ್ಕೆ ಒಳ್ಳೆಯ ಉದಾಹರಣೆ. ಕಾಣುವುದು ಒಂದು ಹೆಸರು, ಒಂದು ಪೆಟ್ಟಿಗೆ. ಹಿಂದೆ ಸಾವಿರಾರು ಗಣಕಗಳ ದುಡಿಮೆ. ಮೊದಮೊದಲು ಬಳಸಿದವರು ಪುಟ ಇನ್ನೂ ಪೂರ್ತಿ ಬಂದಿಲ್ಲವೆಂದು ತಿಳಿದು ಕಾಯುತ್ತ ಕುಳಿತಿದ್ದರಂತೆ. ಪುಟ ಇಲ್ಲಿಗೆ ಮುಗಿಯಿತು ಎಂದು ತಿಳಿಯಲೆಂದೇ ಕೊನೆಯಲ್ಲಿ ಹಕ್ಕುಸ್ವಾಮ್ಯದ ಸಾಲನ್ನು ಸೇರಿಸಿದೆವು ಎಂದು ಅಲ್ಲಿ ಕೆಲಸ ಮಾಡಿದ್ದ ಮರಿಸ್ಸಾ ಮೇಯರ್ ಹೇಳಿದ್ದಾರೆ. ಅತಿಯಾಗಿ ತೆಗೆದಾಗ ಒಂದು ಸಾಲನ್ನು ಮರಳಿ ಹಾಕಬೇಕಾಯಿತು.

2010ರ ದಶಕದಲ್ಲಿ ಮಿತವಿನ್ಯಾಸ ಪರದೆಗಳ ಮೇಲೆ ದೊಡ್ಡ ಅಲೆಯಾಗಿ ಬಂತು. ಅದುವರೆಗೆ ಗುಂಡಿಗಳಿಗೆ ಉಬ್ಬು, ನೆರಳು ಇರುತ್ತಿದ್ದವು. ಪುಸ್ತಕಗಳ ಹಿಂದೆ ಮರದ ಕಪಾಟಿನ ಚಿತ್ರ. 2013ರಲ್ಲಿ ಆಪಲ್ ಕಂಪನಿ ಐಫೋನಿನ ಐಒಎಸ್ 7ರಲ್ಲಿ ಇವನ್ನೆಲ್ಲ ಕೈಬಿಟ್ಟಿತು. ಮರದ ಕಪಾಟು ಹೋದದ್ದರಿಂದ ನಷ್ಟವೇನಿಲ್ಲ. ಆದರೆ ಗುಂಡಿಯ ನೆರಳು ಬರೀ ಅಲಂಕಾರವಾಗಿರಲಿಲ್ಲ. 'ಇಲ್ಲಿ ಒತ್ತಬಹುದು' ಎಂದು ಅದು ಹೇಳುತ್ತಿತ್ತು. ನೀಲ್ಸನ್ ನಾರ್ಮನ್ ಗ್ರೂಪ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಥ ಸೂಚನೆಗಳು ದುರ್ಬಲವಾಗಿದ್ದ ಪುಟಗಳಲ್ಲಿ ಬೇಕಾದದ್ದನ್ನು ಹುಡುಕಲು ಜನರಿಗೆ ಶೇಕಡಾ 22ರಷ್ಟು ಹೆಚ್ಚು ಸಮಯ ಹಿಡಿಯಿತು.

ತಿಳಿ ಬೂದುಬಣ್ಣದ ತೆಳು ಅಕ್ಷರಗಳದ್ದೂ ಇದೇ ಕಥೆ. ನೋಡಲು ನಾಜೂಕು, ಓದಲು ಕಷ್ಟ. ಅಕ್ಷರ ಮತ್ತು ಹಿನ್ನೆಲೆಗಳ ಬೆಳಕಿನ ಅಂತರವನ್ನು ಸಂಖ್ಯೆಯಲ್ಲಿ ಹೇಳಬಹುದು. ಬಿಳಿಯ ಮೇಲೆ ಕಪ್ಪು ಎಂದರೆ 21:1. ಜಾಲತಾಣಗಳಿಗಾಗಿ 2008ರಲ್ಲಿ ಹೊರಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಕನಿಷ್ಠ 4.5:1 ಇರಲಿ ಎನ್ನುತ್ತದೆ. ಇಪ್ಪತ್ತರ ವಯಸ್ಸಿನ ವಿನ್ಯಾಸಕನ ಕಣ್ಣಿಗೆ ಹೆಚ್ಚುವರಿ ಎನಿಸಿದ ಕಪ್ಪು, ಅರವತ್ತೈದರ ಪಿಂಚಣಿದಾರನಿಗೆ ಅವಶ್ಯ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ಮಿತಕ್ಕೂ ಅನ್ವಯಿಸುತ್ತದೆ!

ಕನ್ನಡದ ಕೀಲಿಮಣೆ

ತೆಗೆದದ್ದನ್ನು ಸರಿಯಾದ ಹೆಗಲಿಗೆ ಹೊರಿಸಿದ ಉದಾಹರಣೆ ಬೇಕೇ? ಅದು ನಮ್ಮ ಕನ್ನಡದಲ್ಲೇ ಇದೆ. ನಮ್ಮ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ವ್ಯಂಜನಕ್ಕೆ ಸ್ವರ ಸೇರಿದ ಗುಣಿತಾಕ್ಷರಗಳು 34 × 13 = 442. ಒಂದು ಒತ್ತಕ್ಷರವೂ ಸೇರಿದರೆ ಲೆಕ್ಕದ ಪ್ರಕಾರ 34 × 34 × 13 = 15,028. ಭಾಷೆಯಲ್ಲಿ ಬಳಕೆಯಾಗುವುದು ಇದರ ಸಣ್ಣ ಭಾಗ. ಆದರೂ ಅಚ್ಚುಮೊಳೆಯ ಕಾಲದಲ್ಲಿ ಕನ್ನಡ ಜೋಡಿಸುವವರ ಮುಂದೆ ನೂರಾರು ಮೊಳೆಗಳ ಖಾನೆಗಳಿರುತ್ತಿದ್ದವು. ಭಾರವೆಲ್ಲ ಅವರ ಕೈ, ಕಣ್ಣು, ನೆನಪುಗಳ ಮೇಲೆ. ಇಷ್ಟು ಆಕಾರಗಳು ಇಂಗ್ಲಿಷಿನ ಕೀಲಿಮಣೆಯಲ್ಲಿ ಹೇಗೆ ಹಿಡಿಯಬೇಕು?

ಕೆ.ಪಿ. ರಾವ್ ಅವರ ಉತ್ತರ ಹೀಗಿತ್ತು: ಕೀಲಿಗಳು ಆಕಾರಗಳಿಗಲ್ಲ, ಧ್ವನಿಗಳಿಗೆ ಇರಲಿ. ಬಳಕೆದಾರ ವ್ಯಂಜನ, ಹಲಂತ, ಸ್ವರಗಳನ್ನು ಉಚ್ಚಾರಣೆಯ ಕ್ರಮದಲ್ಲಿ ಒತ್ತಲಿ. ಒತ್ತಕ್ಷರ ಎಲ್ಲಿ ಕೂರಬೇಕು, ಹೇಗೆ ಕಾಣಬೇಕು ಎಂಬುದನ್ನು ತಂತ್ರಾಂಶ ನೋಡಿಕೊಳ್ಳಲಿ. ಈ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯನ್ನು ಕರ್ನಾಟಕ ಸರ್ಕಾರ ಶಿಷ್ಟವೆಂದು ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶದಲ್ಲಿ ಲಕ್ಷಾಂತರ ಜನ ಇದನ್ನು ಬಳಸಿದ್ದಾರೆ.

ಯೂನಿಕೋಡ್‌ನಲ್ಲೂ ಇದೇ ತತ್ತ್ವ. ಕನ್ನಡಕ್ಕೆ ಮೀಸಲಿಟ್ಟಿರುವುದು ಕೇವಲ 128 ಸ್ಥಾನಗಳು. 'ಸ್ತ್ರೀ' ಎಂಬ ಒಂದಕ್ಷರ ಗಣಕದ ನೆನಪಿನಲ್ಲಿ ಆರು ಸಂಕೇತಗಳಾಗಿ ಉಳಿಯುತ್ತದೆ: ಸ, ಹಲಂತ, ತ, ಹಲಂತ, ರ, ಈಕಾರದ ಚಿಹ್ನೆ. ಅವನ್ನು ಒಂದಾಗಿ ಹೆಣೆಯುವುದು ಅಕ್ಷರಶೈಲಿಯ ಕಡತದಲ್ಲಿರುವ ನಿಯಮಗಳು. ಸಂಕೀರ್ಣತೆ ಮಾಯವಾಗಲಿಲ್ಲ. ಬೆರಳಿನಿಂದ ಯಂತ್ರಕ್ಕೆ ಸರಿಯಿತು. ಅದಕ್ಕೆ ಬೇಸರವೂ ಇಲ್ಲ, ಕಣ್ಣುನೋವೂ ಇಲ್ಲ. ಕನ್ನಡದ ಯಾವ ಒತ್ತಕ್ಷರವನ್ನೂ ಬಿಟ್ಟುಕೊಡಬೇಕಾಗಲಿಲ್ಲ ಎಂಬುದು ಎಲ್ಲಕ್ಕಿಂತ ಮುಖ್ಯ.

ನಿಮ್ಮ ತರಗತಿಯಲ್ಲಿ

ವಿಜ್ಞಾನದ ಪಾಠದಲ್ಲಿ ನಾವೆಲ್ಲ ವಿನ್ಯಾಸಕರೇ. ಕಪ್ಪುಹಲಗೆಯ ಚಿತ್ರ, ಆಲೇಖ, ಪ್ರಶ್ನೆಪತ್ರಿಕೆ, ಪರದೆಯ ಮೇಲಿನ ಸ್ಲೈಡು ಎಲ್ಲವೂ ವಿನ್ಯಾಸಗಳು. ಅಮೆರಿಕದ ಎಡ್ವರ್ಡ್ ಟಫ್ಟಿ 1983ರ ತಮ್ಮ ಪುಸ್ತಕದಲ್ಲಿ ಆಲೇಖಗಳಿಗೆ ಒಂದು ಅಳತೆಗೋಲು ಕೊಟ್ಟರು: ಬಳಸಿದ ಒಟ್ಟು ಶಾಯಿಯಲ್ಲಿ ದತ್ತಾಂಶವನ್ನು ತೋರಿಸಲು ಬಳಸಿದ ಪಾಲು ಎಷ್ಟು? ಅಳಿಸಿದರೂ ಮಾಹಿತಿ ಕಡಿಮೆಯಾಗದಂಥ ಗೆರೆಗಳನ್ನು ಅಳಿಸಿ ಎಂಬುದು ಅವರ ಸಲಹೆ. ಬಹುತೇಕ ಒಳ್ಳೆಯ ಸಲಹೆಯೇ. ಆದರೆ 2010ರಲ್ಲಿ ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯದ ಸಂಶೋಧಕರು ಬೋಳು ಆಲೇಖಗಳನ್ನೂ ಚಿತ್ರಗಳಿಂದ ತುಂಬಿದ ಆಲೇಖಗಳನ್ನೂ ಹೋಲಿಸಿದರು. ಅರ್ಥ ಮಾಡಿಕೊಳ್ಳುವುದರಲ್ಲಿ ಚಿತ್ರಗಳು ಅಡ್ಡಿಯಾಗಲಿಲ್ಲ. ಎರಡು ಮೂರು ವಾರಗಳ ನಂತರ ಚಿತ್ರವಿದ್ದವೇ ಹೆಚ್ಚು ನೆನಪಿನಲ್ಲಿದ್ದವು! ಪ್ರಯೋಗ ಚಿಕ್ಕದು. ಆದರೂ ಓದುವುದು ಒಂದು ಕೆಲಸ, ನೆನಪಿಡುವುದು ಇನ್ನೊಂದು ಎಂಬುದನ್ನು ಅದು ಎತ್ತಿ ತೋರಿಸಿತು.

ನೀವೂ ಒಂದು ಪ್ರಯೋಗ ಮಾಡಬಹುದು. ಒಂದು ವಾರದ ಉಷ್ಣತೆಯ ಆಲೇಖವನ್ನು ಹಲಗೆಯ ಮೇಲೆ ಚೌಕಳಿ, ಬಣ್ಣ, ಅಂಚುಪಟ್ಟಿಗಳ ಸಮೇತ ಬರೆಯಿರಿ. ವಿದ್ಯಾರ್ಥಿಗಳು ಸರದಿಯ ಮೇಲೆ ಬಂದು ಒಂದೊಂದನ್ನೇ ಅಳಿಸಲಿ. ಪ್ರತಿ ಸಲವೂ ಉಳಿದವರು ಹೇಳಲಿ: ಅದು ಬರೀ ಹೊರೆಯಾಗಿತ್ತೇ? ಅದರ ಕೆಲಸವನ್ನು ಈಗ ಓದುಗನೇ ಮಾಡಬೇಕೇ? ಅಥವಾ ಬೇಕಾದದ್ದೇ ಹೋಯಿತೇ? ಅಂಚುಪಟ್ಟಿ ಅಳಿಸಿದಾಗ ಯಾರೂ ಗೊಣಗುವುದಿಲ್ಲ. ಚೌಕಳಿಯ ಗೆರೆ ಅಳಿಸಿದಾಗ ಹಿಂದಿನ ಬೆಂಚಿನವರು ಬೆಲೆಗಳನ್ನು ಊಹಿಸಬೇಕಾಗುತ್ತದೆ. ಅಕ್ಷದ ಮೇಲಿನ ಡಿಗ್ರಿ ಸೆಲ್ಸಿಯಸ್ ಎಂಬ ಪದ ಅಳಿಸಿದಾಗ ತರಗತಿಯೇ 'ಬೇಡ ಸಾರ್, ಬೇಡ ಮಿಸ್' ಎನ್ನಬೇಕು. ಹಾಗೆ ಎಂದ ದಿನ ಅವರು ಮಿತವಿನ್ಯಾಸವನ್ನೂ ಕಲಿತರು, ಮಾನಕಗಳ ಮಹತ್ವವನ್ನೂ ಕಲಿತರು. ಆಮೇಲೆ ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ. ಏಕೆಂದರೆ ಆ ಆಲೇಖವನ್ನು ಓದಬೇಕಾದವರು ಅವರೇ.